ದಾರ ಸುತ್ತಿದ ಎಂಜಿನ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲೊಂದು ಮಾದರಿ ವಿಮಾನ, ಅದರ ಮೂತಿಯಲ್ಲಿ ಬರೀ ತೋರಿಕೆಗೆ ಕೂರಿಸಿದ ಪುಟ್ಟ ಎಂಜಿನ್, ರೆಕ್ಕೆಗೆ ಮೊದಲ ಬಹುಮಾನದ ರಿಬ್ಬನ್.

"ಎಂಜಿನ್ ಯಾರು ಮಾಡಿದ್ದು ಅಂತ ತೀರ್ಪುಗಾರರು ಕೇಳಿದಾಗ ಏನಂದ್ರಿ?"

"ಬಾಯಿ ತಪ್ಪಿ ನಾನೇ ಅಂದ್ಬಿಟ್ಟೆ ಕಣೇ."

"ನಿಜವಾದ್ದರ ಹಾಗೆ ಕಾಣ್ಲಿ ಅಂತ ಸಿಲಿಂಡರಿಗೆ ಒಂದೊಂದೇ ಎಳೆ ದಾರ ಸುತ್ತಿದ್ದೂ ನೀವೇ ಅಂದ್ರಿ."

"ಹೂಂ."

"ಸೂಜಿಗೆ ದಾರ ಪೋಣಿಸೋಕೂ ನನ್ನನ್ನೇ ಕರೀತೀರಲ್ರೀ."

"ನೀನು ಹಿಂದೆ ನಿಂತಿದ್ದು ನೋಡ್ಲಿಲ್ಲ."

"ನೋಡಿದ್ರೆ?"

ಗಂಡನ ಬೆರಳಲ್ಲಿ ಪ್ರೊಪೆಲ್ಲರ್ ತಿರುಗಿತು.

ಇಳಿಯುವಾಗ ಕಂಡಕ್ಟರ್ ಕೇಳಿದ, "ಚೆನ್ನಾಗಿದೆ ಸಾರ್, ಯಾರು ಮಾಡಿದ್ದು?"

ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು, "ಎಲ್ಲಾ ಇವರದೇ ಕೈಕೆಲಸ."

ಗಂಡ ತಲೆ ಬಗ್ಗಿಸಿಕೊಂಡು ಇಳಿದರು. ಬಾಗಿಲು ಅಷ್ಟೇನೂ ತಗ್ಗಾಗಿರಲಿಲ್ಲ.