ಎರಡನೇ ಕೈ ವಾರ್ನಿಷ್

ಹಲೋ... ಹಲೋ, ಯಾರು ಮಾತಾಡ್ತಿರೋದು?... ಓ, ಭಾವ! ಇದ್ಯಾರ ನಂಬರ್?... ಗ್ಯಾಲರಿಯವರ ಮೊಬೈಲಾ? ನಿಮ್ಮದಕ್ಕೆ ಮತ್ತೆ ಚಾರ್ಜ್ ಹಾಕಿಲ್ವಾ? ಅಕ್ಕನಿಗೆ ಹೇಳ್ತೀನಿ ತಡೀರಿ.

...

ಕಾಲು ಪರವಾಗಿಲ್ಲ, ಊತ ಇಳಿದಿದೆ. ಮೆಟ್ಟಿಲು ಇಳಿಯೋಕಾಗಿದ್ರೆ ನಾನೇ ಬರ್ತಿರ್ಲಿಲ್ವಾ? ಅದು ಬಿಡಿ. ನನ್ನ ಚಿತ್ರದ ಮುಂದೆ ಜನ ನಿಲ್ತಿದ್ದಾರಾ? ತೀರ್ಪುಗಾರರು ಬಂದ್ರಾ?

...

ಅಲ್ಲಾಡ್ತಿದೆಯಾ? ಚಿತ್ರ ಅಲ್ಲಾಡ್ತಿದೆ ಅಂದ್ರೆ?... ಮೊಳೆ ಸಡಿಲ ಆಗಿರ್ಬೇಕು. ಅಲ್ಲಿರೋರಿಗೆ ಹೇಳಿ, ಗಟ್ಟಿಯಾಗಿ ಹೊಡೀತಾರೆ.

...

ಚೌಕಟ್ಟಲ್ವಾ? ಮತ್ತೇನು?... ಗೂಡಾ? ಒಣಗಿದ ಎಲೆ ಮೇಲೆ ಅಂಟಿಸಿದ್ನಲ್ಲ, ಆ ಹುಳದ ಗೂಡುಗಳಾ? ಭಾವ, ತಮಾಷೆ ಸಾಕು. ಅವೆಲ್ಲ ಖಾಲಿ. ಬೇಲಿಯಿಂದ ಕಿತ್ಕೊಂಡು ಬಂದಾಗ ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ ನೋಡಿದ್ದೆ.

...

ಹಾಂ?... ಇನ್ನೊಂದ್ಸಲ ಹೇಳಿ... ರೆಕ್ಕೆನಾ?... ಚಿಟ್ಟೆ ಪೂರ್ತಿ ಹೊರಗೆ ಬಂದಿದೆಯಾ?... ಅಂಟ್ಕೊಂಡಿದೆಯಾ?

...

ಅಯ್ಯೋ. ನಿನ್ನೆ ನೀವು ತಗೊಂಡು ಹೋಗೋ ಮುಂಚೆ ಮೊದಲನೇ ಪದರದ ಮೇಲೆ ಎರಡನೇ ಕೈ ವಾರ್ನಿಷ್ ಬಳಿದೆ ಭಾವ. ದೀಪದ ಬೆಳಕಿಗೆ ಮಿಂಚಲಿ ಅಂತ. ಅದಿನ್ನೂ ಒಣಗಿರಲ್ಲ, ಅಂಟಂಟಾಗೇ ಇರುತ್ತೆ... ಅಕ್ಕ ಬಡ್ಕೊಂಡ್ಲು, ಡಬ್ಬದಲ್ಲಿಟ್ಟು ಸ್ವಲ್ಪ ದಿನ ಕಾಯೇ, ಒಳಗೆ ಜೀವ ಇದ್ರೆ ಹಾರಿ ಹೋಗ್ಲಿ ಅಂತ. ಕೇಳ್ಲಿಲ್ಲ ನಾನು. ನನಗೆ ಪ್ರದರ್ಶನದ ಅವಸರ.

...

ಪಕ್ಕದಲ್ಲಿರೋ ಚೀಟಿನಾ? ಬೇಡ ಭಾವ, ಜೋರಾಗಿ ಓದ್ಬೇಡಿ!... ಗೊತ್ತು, ನಾನೇ ಬರೆದಿದ್ದು. ‘ಮನುಷ್ಯ ಮುಟ್ಟದೆ ಬಿಟ್ಟಿದ್ದಷ್ಟೇ ಉಳಿಯುತ್ತದೆ’... ಮುಖ ಎಲ್ಲಿಟ್ಕೊಳ್ಳಲಿ ನಾನು?

...

ಯಾರು, ತೀರ್ಪುಗಾರರಾ? ಬೇಡ, ಅವರ ಕೈಗೆ ಫೋನ್ ಕೊಡ್ಬೇಡಿ, ನಾನು... ಹಾಂ, ನಮಸ್ಕಾರ ಸರ್... ಹೌದು, ನಂದೇ... ಧೈರ್ಯನಾ? ಇಲ್ಲ ಸರ್, ಅಂಥದ್ದೇನು... ಬೇಕು ಅಂತಾನೇ ಮಾಡಿದ್ದಾ?... ಹೌದು ಸರ್. ಬೇಕು ಅಂತಾನೇ... ಥ್ಯಾಂಕ್ಸ್ ಸರ್.

...

ಭಾವ? ನೀವೇನಾ?... ಕೇಳಿಸ್ಕೊಂಡ್ರಾ? ಬೇಕು ಅಂತಾನೇ ಮಾಡ್ದೆ ಅಂದ್ಬಿಟ್ಟೆ. ಹೊಗಳ್ತಿದ್ರು, ಬಾಯಿಂದ ಹಾಗೇ ಬಂದ್ಬಿಡ್ತು. ನನಗೇ ಹೇಸಿಗೆ ಆಗ್ತಿದೆ. ಏನಾದ್ರೂ ಅನ್ನಿ ಭಾವ, ಬೈಯಿರಿ.

...

ಇನ್ನೊಂದೂ ಬಿರೀತಿದೆಯಾ?... ಎಳೀಬೇಡಿ, ರೆಕ್ಕೆ ಕಿತ್ತು ಬರುತ್ತೆ. ಎಲೆ ಸಮೇತ ಕ್ಯಾನ್ವಾಸನ್ನೇ ಕತ್ತರಿಸಿ. ಬಿರಿಯದೆ ಇರೋವಾದ್ರೂ ಬದುಕ್ಲಿ... ಹೂಂ, ಹಾಳಾಗುತ್ತೆ. ಇಡೀ ಬೇಸಿಗೆ ಕೂತು ಮಾಡಿದ್ದು. ಹಾಳಾಗ್ಲಿ, ಕತ್ತರಿಸಿ.

...

ಗ್ಯಾಲರಿಯವರು ಮುಟ್ಟೋಕೇ ಬಿಡ್ತಿಲ್ವಾ?... ಅದೇನು ಗದ್ದಲ?... ಬಹುಮಾನನಾ? ನನಗಾ?... ಅದು ಒದ್ದಾಡ್ತಿದ್ರೆ ಅದರ ಮುಂದೆ ನಿಂತು ಚಪ್ಪಾಳೆ ಹೊಡೀತಿದ್ದಾರಾ?

...

ಸ್ಪೀಕರ್‌ಗೆ ಹಾಕಿ ಭಾವ. ಬಹುಮಾನ ಹೇಳ್ತಿರೋ ಮೈಕ್ ಹತ್ರ ಹಿಡೀರಿ... ಹಲೋ. ನಮಸ್ಕಾರ. ಆ ಚಿತ್ರ ಮಾಡಿದವಳು ನಾನು. ಆಗ್ಲೇ ಸರ್‌ಗೆ ಸುಳ್ಳು ಹೇಳ್ದೆ. ಬೇಕು ಅಂತ ಮಾಡಿದ್ದಲ್ಲ, ಒಳಗೆ ಜೀವ ಇದೆಯಾ ಅಂತ ಕಾದು ನೋಡದೆ ಅಂಟಿಸಿದ್ದು. ನನಗೆ ಬಹುಮಾನ ಬೇಡ. ನಿಮ್ಮಲ್ಲಿ ಯಾರ ಹತ್ರ ಆದ್ರೂ ಕತ್ತರಿ ಇದ್ರೆ, ದಯವಿಟ್ಟು... ಹಲೋ? ಭಾವ, ಅವರಿಗೆ ಕೇಳಿಸ್ತಾ?... ಇನ್ನೂ ಚಪ್ಪಾಳೆ ಹೊಡೀತಾನೇ ಇದ್ದಾರಲ್ಲ, ಇದೂ ಚಿತ್ರದ ಭಾಗ ಅಂದ್ಕೊಂಡ್ರಾ?... ಭಾವ? ಹಲೋ? ಹಲೋ—