ಒಂದೇ ಹೆಸರಿನ ಎರಡು ಫೋಲ್ಡರ್

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕಾ, ನೀನಾ? ಭಾವನ ಫೋನ್ ನಿನ್ನ ಕೈಗೆ ಹೇಗೆ ಬಂತು?... ಹಾಂ, ನಾನೇ ಕಣೇ, ನಿನ್ನ ತಮ್ಮ. ಸ್ಟುಡಿಯೋದಿಂದ ಮಾಡ್ತಿದ್ದೀನಿ.

...

ಮಗಳ ಮದುವೆ ಆಲ್ಬಮ್ಮಾ? ಆಗ್ತಿದೆ, ಆಗ್ತಿದೆ. ಮದುವೆ ಆಗಿ ಇನ್ನೂ ನಾಲ್ಕು ದಿನ ಆಗಿಲ್ಲ, ಆಗ್ಲೇ ಶುರು ಹಚ್ಕೊಂಡ್ಯಾ?... ಬೀಗರು ಶನಿವಾರ ಊಟಕ್ಕೆ ಬರ್ತಾರಾ? ಎಲ್ಲಾ ಫೋಟೋ ನೋಡ್ಬೇಕಂತಾ? ಎಲ್ಲಾ?... ಸರಿ, ಸರಿ. ಭಾವನಿಗೆ ಕೊಡು.

...

ಜಗಳಕ್ಕಲ್ಲ ಮಾರಾಯ್ತಿ! ನಾನು ಭಾವನ ಹತ್ರ ನೆಟ್ಟಗೆ ಮಾತಾಡ್ಬಾರ್ದಾ?

...

ಭಾವ, ನಮಸ್ಕಾರ. ಚೆನ್ನಾಗಿದ್ದೀರಾ?... ಇಲ್ಲ, ಕುಡಿದಿಲ್ಲ. ನಮಸ್ಕಾರ ಅಂದ್ರೆ ಕುಡಿದಿದ್ದಾನೆ ಅಂತಾನಾ? ಒಂದು ಸಣ್ಣ ವಿಷಯ. ನಗಬಾರ್ದು. ಮೊದ್ಲು ಮಾತು ಕೊಡಿ... ಹಳೇ ಲ್ಯಾಪ್‌ಟಾಪ್ ಕೈ ಕೊಡ್ತು. ಹೊಸದು ತಗೊಂಡೆ... ಯಾವ್ದು ಅಂದ್ರೆ... ನಿಮ್ಮ ಹತ್ರ ಇದೆಯಲ್ಲ, ಅದೇ ಕಂಪನಿದು.

...

ನಗಲ್ಲ ಅಂದಿದ್ರಿ.

...

ಆಯ್ತು, ಪೂರ್ತಿ ನಕ್ಕು ಮುಗಿಸಿ, ಕಾಯ್ತೀನಿ... ಹೌದು, ಅಂದಿದ್ದೆ. ‘ಅದು ಕಂಪ್ಯೂಟರಲ್ಲ, ಶೋಕೇಸಲ್ಲಿ ಇಡೋ ಗೊಂಬೆ’ ಅಂತ ಹದಿನೈದು ವರ್ಷ ಅಂದೆ. ಮದುವೆ ದಿನ ಹೊಸ ಬೀಗರ ಎದುರಿಗೂ ಅಂದೆ, ಅದೂ ನಿಜ. ಈಗ ಪಕ್ಷಾಂತರ ಅಂತ ಬೇಕಾದ್ರೆ ಕರೀರಿ. ಸಾಕಾ? ಹೊಟ್ಟೆ ತಣ್ಣಗಾಯ್ತಾ?

...

ಯಾಕೆ ತಗೊಂಡೆ ಅಂದ್ರೆ, ಅದರ ಪರದೆ ಮೇಲೆ ಮುಖದ ಬಣ್ಣ ಇದ್ದ ಹಾಗೇ ಕಾಣುತ್ತೆ ಅಂತ ಅಂಗಡಿಯವನು ಅಂದ. ನಮ್ಮ ಹುಡುಗಿ ಆಲ್ಬಂ ಅದರಲ್ಲೇ ಮಾಡೋಣ ಅನ್ನಿಸ್ತು... ಚೆನ್ನಾಗೇ ಇದೆ. ಪರದೆ ಮೇಲಿನ ಕಿಟಕಿ ಮುಚ್ಚೋ ಗುಂಡಿ ಎಡಕ್ಕೆ ಹೋಗಿ ಕೂತಿದೆ. ಮುಚ್ಚಿದ್ರೂ ಪ್ರೋಗ್ರಾಂ ಒಳಗೆ ಓಡ್ತಾನೇ ಇರುತ್ತೆ, ನಿಮ್ಮ ಹಾಗೇ, ಹೊರಟೆ ಅಂದು ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲೋದು... ಇಲ್ಲ ಇಲ್ಲ, ಸುಮ್ನೆ ಅಂದೆ. ಸಹಾಯ ಕೇಳೋಕೇ ಫೋನ್ ಮಾಡಿದ್ದು.

...

ಈ ಪೆಟ್ಟಿಗೇಲಿ ಒಂದು ಫೋಲ್ಡರ್ ಇರೋ ಕಡೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ತಂದು ಹಾಕಿದ್ರೆ, ಎರಡೂ ಸೇರ್ಕೊಳ್ಳುತ್ತೆ, ಅಲ್ವಾ?... ಸೇರ್ಕೊಳ್ಳಲ್ವಾ? ಹಳೇದರಲ್ಲಿ ಸೇರ್ಕೊಳ್ತಿತ್ತು. ಇಷ್ಟು ವರ್ಷ ಸೇರ್ಕೊಂಡಿದೆ... ಅಂದ್ರೆ ‘ರಿಪ್ಲೇಸ್’ ಅಂದ್ರೆ ಮೊದಲಿದ್ದ ಫೋಲ್ಡರನ್ನೇ ತೆಗೆದುಬಿಡುತ್ತಾ? ಇಡೀದಾ?... ಕಸದ ಬುಟ್ಟೀಲೂ ಇರಲ್ವಾ?

...

ಕೇಳ್ತು ಭಾವ, ಕೇಳ್ತು. ತೆಗೀಲಾ ಅಂತ ಮರ್ಯಾದೆಯಾಗಿ ಕೇಳ್ತು. ನಾನೇ ಹೂಂ ಅಂದೆ.

...

ಹೆಸರು ನಾನಿಟ್ಟಿದ್ದಲ್ಲ. ಮದುವೇಲಿ ಬೆಳಗ್ಗೆಗೊಂದು, ಮಧ್ಯಾಹ್ನಕ್ಕೊಂದು ಅಂತ ಎರಡು ಕ್ಯಾಮೆರಾ ಹಿಡ್ಕೊಂಡು ಓಡಾಡ್ತೀನಲ್ಲ, ಎರಡೂ ಒಂದೇ ಕಂಪನಿದು, ಎರಡೂ ತಮ್ಮ ಕಾರ್ಡಿನ ಫೋಲ್ಡರಿಗೆ ನೂರು ಅಂತಲೇ ಹೆಸರಿಡುತ್ವೆ. ಮೊದಲ್ನೇ ನೂರು ಇಳಿಸಿದೆ. ಅದರ ಮೇಲೆ ಎರಡನೇ ನೂರು ಇಳಿಸಿದೆ. ಈಗ ಎರಡನೇದು ಮಾತ್ರ ಇದೆ.

...

ಯಾರ ಫೋಟೋನಾ?... ಒಬ್ಬ ಗಿರಾಕಿದು... ಪರಿಚಯದವರೇ... ನಿಮಗೂ ಚೆನ್ನಾಗಿ ಪರಿಚಯ... ಭಾವ, ಅಕ್ಕ ಪಕ್ಕದಲ್ಲಿದ್ದಾಳಾ? ಸ್ವಲ್ಪ ಹೊರಗೆ ಬನ್ನಿ. ಬಾಗಿಲು ಎಳ್ಕೊಳ್ಳಿ.

...

ಹೂಂ. ನಮ್ಮ ಹುಡುಗೀದೇ. ಬೆಳಗ್ಗಿನದಷ್ಟೂ.

...

ಬೈಯ್ಯಿರಿ. ಬೈಸ್ಕೊಳ್ಳೋ ಕೆಲ್ಸವೇ ಮಾಡಿದ್ದೀನಿ. ಆದ್ರೆ ಮೆಲ್ಲಗೆ ಬೈಯ್ಯಿರಿ, ಅಕ್ಕನಿಗೆ ಕೇಳುತ್ತೆ.

...

ಕಾರ್ಡಲ್ಲೂ ಇಲ್ಲ. ಇಳಿಸಿದ ಕೂಡ್ಲೇ ಕಾರ್ಡ್ ಅಳಿಸಿಡೋದು ನನ್ನ ಪದ್ಧತಿ. ಹೌದು, ‘ಶಿಸ್ತು ಅಂದ್ರೆ ಇದು’ ಅಂತ ನಿಮಗೆ ಪಾಠ ಹೇಳಿದ್ನಲ್ಲ, ಅದೇ ಶಿಸ್ತು... ಹಾಂ? ಅದು ನನಗೂ ಗೊತ್ತು, ಅಳಿಸಿದ್ರೂ ಒಳಗೆ ಇರುತ್ತೆ, ಹುಡುಕಿ ತೆಗೀಬಹುದು. ಮೇಲೆ ಹೊಸದು ಬಿದ್ದಿರಬಾರ್ದು ಅಷ್ಟೇ.

...

ಬಿದ್ದಿದೆ... ಹದಿನೇಳು.

...

ಏನು ತೆಗೆದೆ ಅಂತ ಕೇಳ್ಬೇಡಿ... ಕೇಳ್ಲೇಬೇಕಾ?... ಲ್ಯಾಪ್‌ಟಾಪಿಂದು. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಎರಡು ದೀಪ ಹಾಕಿ, ಎದುರಿನಿಂದ, ಪಕ್ಕದಿಂದ, ಮುಚ್ಚಳ ಅರ್ಧ ತೆಗೆದು... ನಿಮಗೇ ಕಳಿಸೋಕೆ, ಇನ್ಯಾರಿಗೆ? ನಿಮ್ಮದಕ್ಕಿಂತ ಹೊಸದು ಅಂತ ತೋರ್ಸೋಕೆ. ಆಮೇಲೆ ಆಲ್ಬಂ ಮಾಡೋಣ ಅಂತ ಫೋಲ್ಡರ್ ತೆಗೆದ್ರೆ ಮಧ್ಯಾಹ್ನದ ಊಟದ ಸಾಲು. ಬೆಳಗ್ಗೆಯೇ ಇಲ್ಲ.

...

ಕ್ಯಾಮೆರಾ ಮುಟ್ಟಲ್ಲ. ಆಣೆಗೂ ಮುಟ್ಟಲ್ಲ. ಕಾರ್ಡ್ ತಗೊಂಡು ಈಗ್ಲೇ ಬರ್ತೀನಿ, ನೀವು ಹುಡುಕಿಕೊಡಿ. ಮಿಕ್ಕಿದ್ದು ಬರಬಹುದು... ಇಲ್ಲ ಭಾವ, ಮದುವೆಯ ಮೊದಲ ಹದಿನೇಳು ಬರಲ್ಲ. ಹೊಸವು ಕೂತಿರೋದು ಅವುಗಳ ಜಾಗದಲ್ಲೇ, ಕಾರ್ಡಿನ ಮೊದಲಲ್ಲೇ.

...

ಏನಿತ್ತಾ ಮೊದಲಲ್ಲಿ?... ನೀವಿದ್ರಿ.

...

ನಾನು ಬಂದಿದ್ದು ನಿಮಗೆ ಗೊತ್ತಿಲ್ಲ. ಬಟ್ಟೆ ಹಾಕ್ಕೊಳ್ಳೋ ಕೋಣೆ ಬಾಗಿಲು ಅರ್ಧ ತೆಗೆದಿತ್ತು. ನೀವು ಹೊಸ ಪ್ಯಾಂಟಲ್ಲೇ ನೆಲಕ್ಕೆ ಮಂಡಿಯೂರಿ ಮಗಳ ಚಪ್ಪಲಿ ಬಕಲ್ ಹಾಕ್ತಿದ್ರಿ. ಕನ್ನಡಕ ಹಣೆ ಮೇಲೆ. ಪಟ್ಟಿ ತೂತಿಗೆ ಕೂರ್ತಿರಲಿಲ್ಲ. ಅವಳು ಒಂಟಿ ಕಾಲಲ್ಲಿ, ಬೀಳದೇ ಇರ್ಲಿ ಅಂತ ನಿಮ್ಮ ತಲೆ ಮೇಲೆ ಕೈ ಊರ್ಕೊಂಡು ನಿಂತಿದ್ಲು... ಹೌದು, ಕಂಡಿತ್ತು. ನಿಮ್ಮ ಭುಜ ಅಲುಗ್ತಿದ್ದಿದ್ದೂ ಕಂಡಿತ್ತು. ಅವಳಿಗೂ ಗೊತ್ತಿತ್ತು, ಅದಕ್ಕೇ ಗೋಡೆ ಕಡೆ ನೋಡ್ತಿದ್ಲು. ಬಕಲ್ ಹಾಕಿದ ಮೇಲೂ ನೀವು ಎದ್ದೇಳ್ಲಿಲ್ಲ, ಅವಳೂ ಕೈ ತೆಗೀಲಿಲ್ಲ.

...

ಮೂವತ್ತು ವರ್ಷದಿಂದ ಊರವರ ಮದುವೆ ತೆಗೀತಿದ್ದೀನಿ ಭಾವ, ಅಂಥ ಫೋಟೋ ನನಗೆ ಸಿಕ್ಕಿದ್ದೇ ಅದೊಂದು ಸಲ. ಮೊದಲ್ನೇ ಪುಟಕ್ಕೆ ಅಂದ್ಕೊಂಡಿದ್ದೆ. ಸುಮ್ನೆ ನಿಮ್ಮ ಮುಂದೆ ತೆರೆದಿಟ್ಟು, ಒಂದು ಸಲವಾದ್ರೂ ನಿಮ್ಮ ಬಾಯಿ ಮುಚ್ಚಿಸ್ಬೇಕು ಅಂತ... ಯಾರಿಗೂ ತೋರಿಸಿರ್ಲಿಲ್ಲ. ನಾನೊಬ್ಬನೇ ನೋಡಿದ್ದು. ತಪ್ಪಾಯ್ತು ಭಾವ. ತುಂಬಾ ದೊಡ್ಡ ತಪ್ಪಾಯ್ತು.

...

ಭಾವ?... ಏನಾದ್ರೂ ಅನ್ನಿ... ಭಾವ, ಲೈನಲ್ಲಿದ್ದೀರಾ?

...

ಅಕ್ಕಾ? ಮತ್ತೆ ನೀನಾ? ಭಾವ ಎಲ್ಲಿ?... ಮೆಟ್ಟಿಲ ಮೇಲೆ ಕೂತು ಅಳ್ತಿದ್ದಾರಾ?

...

ನಾನೇನಂದೆ ಅಂತಾನಾ?... ಏನಿಲ್ಲ ಕಣೇ, ಹೊಸ ಲ್ಯಾಪ್‌ಟಾಪ್ ತಗೊಂಡೆ ಅಂದೆ, ಅಷ್ಟೇ... ಹಲೋ? ಅಕ್ಕಾ? ಹಲೋ...