ಅವ್ವನ ಹೆಸರಿನ ಕೋಣೆ

ಇಷ್ಟು ಹೊತ್ತು ಈ ಮಂಟಪದ ಪ್ರವಚನದಲ್ಲಿ ದಾನದ ಮಾತಾಡಿದೆವು. ಕೊಡುವ ಕೈ ದೊಡ್ಡದು ಎಂದೆ, ನೀವೆಲ್ಲ ತಲೆದೂಗಿದಿರಿ. ಈಗೊಂದು ಕಥೆ ಹೇಳುತ್ತೇನೆ. ಅದು ಮುಗಿದ ಮೇಲೂ ಹೀಗೇ ತಲೆದೂಗುತ್ತೀರೋ ನೋಡೋಣ.

ಮೆಣಸಿನಕಾಯಿ ವ್ಯಾಪಾರದ ಊರು ಅದು. ಅಲ್ಲೊಬ್ಬ ದೊಡ್ಡ ಸಾವುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕುತ್ತಿಗೆ ತಿರುಗಿಸಿ ಅವನು ಇಲ್ಲೇ ಎಲ್ಲಾದರೂ ಕೂತಿದ್ದಾನೆಯೇ ಎಂದು ಹುಡುಕುತ್ತೀರಿ. ಅವನ ಗೋದಾಮಿನ ಮುಂದೆ ಹಾದು ಹೋದವರಿಗೆ ಸೀನು ಬರದೆ ಇರುತ್ತಿರಲಿಲ್ಲ, ಅಷ್ಟು ಮೆಣಸಿನಕಾಯಿ. ಆದರೆ ಮನುಷ್ಯ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯಲ್ಲಿ ಶ್ರೀಮಂತ ಕಾಲಿಟ್ಟ ಕೂಡಲೇ ಇವನು ಕೆಟ್ಟವನೇ ಇರಬೇಕು ಎಂದುಕೊಳ್ಳುವ ಚಟ ನಮಗೆಲ್ಲ ಇದೆ. ಇವನು ಹಾಗಲ್ಲ. ಇವನು ತಪ್ಪು ಮಾಡಿದ್ದು ಒಳ್ಳೆಯತನದಿಂದಲೇ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ಅವನ ಅವ್ವ ತೀರಿಕೊಂಡಳು. ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದಾಕೆ. ಅವಳ ನೆನಪಿಗೆ ಏನಾದರೂ ಮಾಡಬೇಕೆಂದು ಅವನಿಗೆ ಆಸೆ. ಕಲ್ಯಾಣಮಂಟಪ ಕಟ್ಟಿಸು ಅಂದರು ಒಬ್ಬರು, ದೇವಸ್ಥಾನಕ್ಕೆ ಬೆಳ್ಳಿ ಬಾಗಿಲು ಮಾಡಿಸು ಅಂದರು ಇನ್ನೊಬ್ಬರು. ಅವನು ಯಾರ ಮಾತನ್ನೂ ಕೇಳಲಿಲ್ಲ. ಊರ ಸರಕಾರಿ ಶಾಲೆಗೆ ಒಂದು ಕೋಣೆ ಕಟ್ಟಿಸಿ, ತುಂಬ ಕಂಪ್ಯೂಟರ್ ತಂದಿಟ್ಟ. ಗಂಡುಹುಡುಗರು, ಹೆಣ್ಣುಮಕ್ಕಳು, ಕೇರಿಯ ಮಕ್ಕಳು, ಪೇಟೆಯ ಮಕ್ಕಳು, ಎಲ್ಲರೂ ಕಲಿಯಲಿ ಅಂದ. ಎಂಥ ಮಾತು! ಇಲ್ಲಿಯವರೆಗೆ ಅವನದು ಏನಾದರೂ ತಪ್ಪಿದೆಯೇ? ಇಲ್ಲ.

ಇನ್ನು ಉದ್ಘಾಟನೆ. ನಮ್ಮ ಜನಕ್ಕೆ ಗೊತ್ತಲ್ಲ, ಯಾವುದನ್ನೇ ಶುರು ಮಾಡಿದರೂ ಪೂಜೆ ಬೇಕು. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಒಂದೊಂದು ಕಂಪ್ಯೂಟರಿನ ಹಣೆಗೂ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಪಾಪ, ಅವುಗಳಿಗೂ ಮದುವೆಯೇ ಇರಬೇಕು ಅನ್ನುವ ಹಾಗೆ! ಎದುರಿನ ಗೋಡೆಗೆ ಸರಸ್ವತಿಯ ಪಟ, ಪಕ್ಕದಲ್ಲಿ ಅವ್ವನ ಫೋಟೋ, ಎರಡಕ್ಕೂ ಹಾರ, ಮುಂದೆ ದೀಪ. ಚಪ್ಪಲಿ ಹೊರಗೆ ಬಿಡಿ ಎಂದು ಬಾಗಿಲಲ್ಲಿ ಒಂದು ಬೋರ್ಡು. ಸಾವುಕಾರ ಕಣ್ಣು ಒರೆಸಿಕೊಳ್ಳುತ್ತ ಮಕ್ಕಳಿಗೆ ಒಂದು ಮಾತು ಹೇಳಿದ. "ಇದು ಸಾಲಿ ಖೋಲಿ ಅಂತ ತಿಳೀಬ್ಯಾಡ್ರಿ. ಇದು ದೇವರ ಮನಿ."

ನೋಡಿ, ಆ ಮಾತಿನಲ್ಲಿ ಭಕ್ತಿ ಇತ್ತು. ಮಕ್ಕಳು ಅದನ್ನು ಭಕ್ತಿಯಿಂದಲೇ ಕೇಳಿದರು. ಕೇಳಿ ನಂಬಿದರು. ಅಲ್ಲೇ ಆಯಿತು ಅನಾಹುತ.

ಮೊದಲ ವರ್ಷ ಎಲ್ಲವೂ ಚೆಂದ. ಶುಕ್ರವಾರ ಕಾಯಿ ಒಡೆಯುತ್ತಿದ್ದರು, ಊದುಬತ್ತಿ ಹಚ್ಚುತ್ತಿದ್ದರು. ಆದರೆ ಕಂಪ್ಯೂಟರ್ ಕಲಿಸುವ ಮೇಷ್ಟ್ರು ಸಾವುಕಾರನಿಗೆ ಒಂದು ದೂರು ಒಪ್ಪಿಸತೊಡಗಿದರು. "ಹುಡುಗ್ಯಾರಿಗೆ ಇದರಾಗ ಮನಸಿಲ್ರೀ ಸಾವ್ಕಾರ್ರ. ನಾಕು ದಿನ ಬರ್ತಾರ, ನಾಕು ದಿನ ಬರಂಗಿಲ್ಲ. ನಡಕ್ಕ ಪಾಠ ತಪ್ಪತೈತಿ, ಆಮ್ಯಾಲ ಏನೂ ತಿಳಿಯಂಗಿಲ್ಲ. ಅವರ ತಲೀಗೆ ಹತ್ತೂ ವಿದ್ಯಾ ಅಲ್ಲ ಬಿಡ್ರಿ."

ಸಾವುಕಾರ ಬೇಸರದಿಂದ ಹೂಂ ಅಂದ. ಹೂಂ ಅನ್ನುವುದು ಎಷ್ಟು ಸುಲಭ! ನಾವೂ ಅನ್ನುತ್ತೇವೆ. ಹೆಣ್ಣುಮಕ್ಕಳಿಗೆ ಗಣಿತ ಕಷ್ಟ, ಹೂಂ. ಕೇರಿಯ ಮಕ್ಕಳಿಗೆ ಸಾಯನ್ಸು ಕಷ್ಟ, ಹೂಂ. ಯಾಕೆ ಕಷ್ಟ ಎಂದು ಒಬ್ಬರಾದರೂ ಆ ಮಕ್ಕಳನ್ನು ಕೇಳಿದ್ದೇವೆಯೇ?

ಆ ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಮಾತ್ರ ಹೇಳುತ್ತೇನೆ, ದುರುಗವ್ವ. ಕೇರಿಯವಳು. ಅವಳ ತಾಯಿ ಇದೇ ಸಾವುಕಾರನ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಕೆ. ಸಂಜೆ ಮನೆಗೆ ಬಂದು ಮಗಳ ಕೆನ್ನೆ ಮುಟ್ಟಬೇಕೆಂದರೂ ಬೆರಳಿನ ಖಾರಕ್ಕೆ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುವ ತಾಯಿ.

ಒಂದು ದಿನ ಸಾವುಕಾರ ಕೋಣೆ ನೋಡಲು ಬಂದಾಗ ದುರುಗವ್ವ ತಾನು ಮಾಡಿದ ಒಂದು ಆಟ ತೋರಿಸಿದಳು. ತಾನೇ ಬರೆದ ಪ್ರೋಗ್ರಾಮು. ಪರದೆಯ ಮೇಲಿನಿಂದ ಮೆಣಸಿನಕಾಯಿ ಉದುರುತ್ತವೆ, ಕೆಳಗೆ ಬುಟ್ಟಿ ಹಿಡಿಯಬೇಕು. ಒಣಗಿದ್ದು ಬಿದ್ದರೆ ಗೆಲುವು, ಹಸಿಯದು ಬಿದ್ದರೆ ಆಟ ಮುಗಿಯಿತು. ಸಾವುಕಾರ ಕೂತು ಆಡಿದ. ಒಣಗಿದ್ದೆಲ್ಲ ಬುಟ್ಟಿಯ ಆಚೆ, ಹಸಿಯದೇ ಬುಟ್ಟಿಯೊಳಗೆ! ಜೀವಮಾನವೆಲ್ಲ ಅದನ್ನೇ ಮಾರಿದವನು ಗಳಿಗೆಯಲ್ಲಿ ಸೋತ.

"ಅಜ್ಜಾರ, ನಿಮಗ ವ್ಯಾಪಾರ ಬರಂಗಿಲ್ಲ ಬಿಡ್ರಿ" ಅಂದಳು ಹುಡುಗಿ.

ಸಾವುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿನಿಂದ ಅವಳ ಮೇಲೆ ಅವನಿಗೆ ಒಂದು ಮಮತೆ. ಈ ಹುಡುಗಿ ಮುಂದೆ ಬರುತ್ತಾಳೆ ಎಂದು ಗೋದಾಮಿನಲ್ಲಿ ಅವಳ ತಾಯಿಯ ಎದುರಿಗೇ ಹೇಳಿದ. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ.

ಆ ವರ್ಷ ಒಂದು ಅವಕಾಶ ಬಂತು. ದೊಡ್ಡ ಊರಿನ ಒಂದು ಕಾಲೇಜಿನವರು ಹಳ್ಳಿಯ ಶಾಲೆಗಳಿಂದ ಮಕ್ಕಳನ್ನು ಆರಿಸಿ, ಹಾಸ್ಟೆಲ್ ಕೊಟ್ಟು, ವಿಜ್ಞಾನವನ್ನೂ ಕಂಪ್ಯೂಟರನ್ನೂ ಪೂರ್ತಿ ಉಚಿತವಾಗಿ ಕಲಿಸುತ್ತೇವೆ ಎಂದರು. ಅವರೇ ಶಾಲೆಗೆ ಬಂದು, ಆ ಕೋಣೆಯಲ್ಲೇ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಅವತ್ತು ತಪ್ಪಿದರೆ ತಪ್ಪಿದಂತೆಯೇ. ದುರುಗವ್ವನ ತಾಯಿ ಮಗಳಿಗೆ ಹೇಳಿದ್ದಳು, "ಆರ್ಸಿದ್ರ ಹೋಗವಾ, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ಸಾಲಿ ಸೂಟಿಯಾಗ ನನ್ನ ಕೂಡ ಗೋದಾಮಿಗೆ ಬಾ. ನಿಮ್ಮ ಮಾಂವ ಆಗ್ಲೇ ಲಗ್ನದ ಮಾತು ತಗದಾನ, ನಾ ಎಷ್ಟು ದಿನ ತಡೀಲಿ?" ಅಂದರೆ ನೋಡಿ, ಒಂದು ಬೆಳಗಿನ ಮೇಲೆ ಆ ಹುಡುಗಿಯ ಬದುಕೆಲ್ಲ ನಿಂತಿತ್ತು.

ಆ ಬೆಳಗು ಬಂತು. ಸಾವುಕಾರ ಇಸ್ತ್ರಿ ಮಾಡಿದ ಧೋತರ ಉಟ್ಟು ಅತಿಥಿಗಳನ್ನು ಬರಮಾಡಿಕೊಳ್ಳಲು ಬಂದ. ಮಕ್ಕಳು ಒಳಗೆ ಹೋಗಿ ಕೂತರು. ದುರುಗವ್ವ ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ನೀರಿನ ನಲ್ಲಿಯ ಹತ್ತಿರ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಾಳೆ. ಅತ್ತು ಅತ್ತು ಮುಖ ಬಾತಿದೆ.

"ಯಾಕವಾ ದುರುಗವ್ವ, ಹೊರಗ ಕುಂತಿ?"

"ಹೊಟ್ಟಿ ನೋವು ರೀ ಅಜ್ಜಾರ."

"ಗುಳಿಗಿ ತರಿಸ್ಲೇನು? ನುಂಗಿ ಹೋಗಿ ಕುಂದ್ರು."

ಹುಡುಗಿ ತಲೆ ಅಲ್ಲಾಡಿಸಿದಳು. ಮೇಷ್ಟ್ರು ಬಾಗಿಲಿನಿಂದಲೇ ಅಂದರು, "ನಾ ಹೇಳಿದ್ನೆಲ್ರಿ, ಇವರದು ತಿಂಗಳಾ ಇದ ಹಣೇಬರಹ." ಕಾರಣ ಅವರಿಗೂ ನಿಜವಾಗಿ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಬಿಸಿಯೂಟದ ಅಡುಗೆ ಮಾಡುವ ಒಬ್ಬ ಮುದುಕಿ ಅಲ್ಲೇ ಅಕ್ಕಿ ತೊಳೆಯುತ್ತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ಸಾವ್ಕಾರ್ರ, ಆ ಹೊಟ್ಟಿನೋವು ನಿಮ್ಮವ್ವಗೂ ಬರ್ತಿತ್ರೀ. ಒಳಗ ದೇವ್ರನ್ನ ಕುಂದ್ರಿಸಿದವ್ರು ನೀವು. ಇಂಥಾ ದಿನದಾಗ ಹುಡುಗಿ ಹೆಂಗ ಹೊಸ್ತಲಾ ದಾಟಬೇಕ್ರಿ? ಇವತ್ತ ಈಕಿ ಕುಂತಾಳ. ಹ್ವಾದ ತಿಂಗಳ ಬ್ಯಾರೆದಾಕಿ ಕುಂತಿದ್ಲು. ಈ ಕಟ್ಟಿ ಒಂದ್ ದಿನಾರ ಖಾಲಿ ಇರತೈತೇನು?"

ಸಾವುಕಾರ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದ. ನೀವೇ ಯೋಚನೆ ಮಾಡಿ. ಯಾರೂ ಆ ಹುಡುಗಿಯರಿಗೆ ಬರಬೇಡಿ ಎಂದು ಹೇಳಿರಲಿಲ್ಲ. ಬೋರ್ಡಿನಲ್ಲಿ ಬರೆದಿರಲಿಲ್ಲ. ದೇವರ ಮನೆ ಎಂದು ಅವನೇ ಅಂದಿದ್ದ, ಅಷ್ಟೇ. ಉಳಿದದ್ದನ್ನು ಆ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಮೊದಲೇ ಕಲಿತು ಬಂದಿದ್ದರು. ಕೇರಿಯ ಮಕ್ಕಳು ಶುಕ್ರವಾರದ ಪ್ರಸಾದವನ್ನು ಹೊಸ್ತಿಲ ಆಚೆಯೇ ನಿಂತು ತೆಗೆದುಕೊಳ್ಳುತ್ತಿದ್ದದ್ದು ಅವನಿಗೆ ಈಗ ನೆನಪಾಯಿತು. ಅದನ್ನು ಅವನು ಮಕ್ಕಳ ವಿನಯ ಎಂದುಕೊಂಡಿದ್ದ.

ಇನ್ನೊಂದು ನೆನಪೂ ಬಂತು. ಬಹಳ ಹಳೆಯದು. ಹಿತ್ತಲಲ್ಲಿ ನುಗ್ಗೆಗಿಡದ ಕೆಳಗೆ ಒಂದು ಹಾಸುಗಲ್ಲು. ತಿಂಗಳಿಗೊಮ್ಮೆ ಅವನ ಅವ್ವ ಅಲ್ಲಿ ಕೂರುತ್ತಿದ್ದಳು. ತಟ್ಟೆ ಬೇರೆ, ಚಾಪೆ ಬೇರೆ. ಶಾಲೆಯಿಂದ ಬಂದವನು ತೊಡೆಯ ಮೇಲೆ ಹತ್ತಲು ಓಡಿದರೆ ದೂರದಿಂದಲೇ ಕೈ ಅಡ್ಡ ಹಿಡಿಯುತ್ತಿದ್ದಳು. "ಮುಟ್ಟಬ್ಯಾಡೋ ನನ್ನಪ್ಪಾ, ಕಾಗಿ ಮುಟ್ಟೇತಿ." ಆ ಹುಡುಗ ಕಿಸೆ ತುಂಬ ಕಲ್ಲು ತುಂಬಿಕೊಂಡು ಓಣಿಯ ಕಾಗೆಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದ. ಅವ್ವನನ್ನು ಹೊರಗೆ ಕೂರಿಸಿದ್ದು ಕಾಗೆ ಎಂದು ನಂಬಿದ್ದ. ಆ ದಿನಗಳಲ್ಲಿ ಅವ್ವನಿಗೆ ಕೆಲಸವಿಲ್ಲ. "ಇವತ್ತ ಏನ್ ಕಲಿಸಿದ್ರೋ?" ಎಂದು ಕೇಳುತ್ತಿದ್ದಳು. ಅವನು ಅಕ್ಷರ ಬರೆದ ಪಾಟಿ ಎತ್ತಿ ಹಿಡಿಯುತ್ತಿದ್ದ, ಅವಳು ಅಷ್ಟು ದೂರದಿಂದ ನೋಡಿ ಮಣ್ಣಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದಳು. ಮಿಂದು ಒಳಗೆ ಬಂದ ಮೇಲೆ ಮತ್ತೆ ಒಲೆ, ಮತ್ತೆ ಬೀಸುಕಲ್ಲು. ಅಕ್ಷರ ಅಲ್ಲಿಗೇ ನಿಂತಿತು.

ಅಂಥ ಅವ್ವನ ಹೆಸರಿನಲ್ಲಿ ಕೋಣೆ ಕಟ್ಟಿಸಿ, ಆ ಕೋಣೆಯ ಹೊರಗೆ ಅವನೇ ಇನ್ನೊಂದು ಹಾಸುಗಲ್ಲು ಹಾಕಿಬಿಟ್ಟಿದ್ದ.

ಸಾವುಕಾರ ದಡದಡ ಒಳಗೆ ಹೋದ. ಪರೀಕ್ಷೆಗೆ ಬಂದವರು ಬೆಪ್ಪಾಗಿ ನೋಡುತ್ತಿದ್ದಾರೆ. ಒಂದು ಕುರ್ಚಿ ಎಳೆದು, ಆ ಭಾರದ ಮೈ ಹೊತ್ತು ಅದರ ಮೇಲೆ ಹತ್ತಿ, ಅವ್ವನ ಫೋಟೋ ಕೆಳಗಿಳಿಸಿದ. ಹೊರಗೆ ತಂದು, ಸುಮ್ಮನೆ ದುರುಗವ್ವನ ತೊಡೆಯ ಮೇಲೆ ಇಟ್ಟ. ಹುಡುಗಿ ಬೆಂಕಿ ಸೋಕಿದ ಹಾಗೆ ಹಿಂದೆ ಸರಿದಳು.

"ಅಜ್ಜಾರ, ಮುಟ್ಟಬಾರದ್ರೀ! ಪಾಪ ಬರತೈತಿ."

"ಬಂದ್ರ ನನಗ ಬರ್ಲಿ. ಈಕಿ ನಮ್ಮವ್ವ. ಈಕಿನೂ ನಿನ್ನಂಗ ಹೊರಗ ಕುಂತು ಕುಂತು ಸತ್ಲು. ಸಾಲಿ ಮೆಟ್ಟಲಾ ಹತ್ತಲಿಲ್ಲ. ನೀ ಕರ್ಕೊಂಡು ಹೋಗವಾ. ನೀ ಒಳಗ ಹೋದ್ರನ ಈಕಿ ಒಳಗ ಹೋಗ್ತಾಳ."

ಅಷ್ಟು ದೊಡ್ಡ ಮನುಷ್ಯ ಕೂಸಿನಂತೆ ಅಳುತ್ತಿದ್ದ. ಹುಡುಗಿ ಒಂದು ಗಳಿಗೆ ಅವನ ಮುಖ ನೋಡಿದಳು, ಒಂದು ಗಳಿಗೆ ಫೋಟೋ ನೋಡಿದಳು. ಆಮೇಲೆ ಎದ್ದಳು. ಆ ಫೋಟೋ ಎದೆಗೆ ಒತ್ತಿಕೊಂಡು ಹೊಸ್ತಿಲು ದಾಟಿದಳು. ಕಂಪ್ಯೂಟರಿನ ಪಕ್ಕ ಅವ್ವನನ್ನು ನಿಲ್ಲಿಸಿ, ಕಣ್ಣು ಒರೆಸಿಕೊಂಡು ಕೆಲಸಕ್ಕೆ ಕೂತಳು.

ಏನಾಯಿತು? ಸಿಡಿಲು ಬಡಿಯಿತೇ? ಇಲ್ಲ. ಕಂಪ್ಯೂಟರ್ ಸುಟ್ಟಿತೇ? ಇಲ್ಲ. ಗೋಡೆಯ ಮೇಲಿನ ಸರಸ್ವತಿ ಮುಖ ತಿರುಗಿಸಿದಳೇ? ಅವಳೂ ಹೆಣ್ಣಲ್ಲವೇ, ಯಾಕೆ ತಿರುಗಿಸುತ್ತಾಳೆ? ಆಶ್ಚರ್ಯವೆಂದರೆ, ಆ ಊರಲ್ಲಿ ದಿನಾ ಹೋಗುವ ಕರೆಂಟು ಕೂಡ ಅವತ್ತು ಹೋಗಲಿಲ್ಲ!

ದುರುಗವ್ವ ಆಯ್ಕೆಯಾದಳೇ ಎಂದು ತಾನೇ ನಿಮ್ಮ ಪ್ರಶ್ನೆ? ಆದಳು. ಅವಳ ತಾಯಿ ಅವತ್ತು ಕೈಯನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದು, ಮಗಳ ಕೆನ್ನೆ ಹಿಡಿದುಕೊಂಡಳು. ಚಪ್ಪಾಳೆ ತಟ್ಟಬೇಡಿ, ತಡೆಯಿರಿ. ನನ್ನ ಚಿಂತೆ ದುರುಗವ್ವನದಲ್ಲ. ಅವಳಿಗಿಂತ ಮುಂಚೆ ಅದೇ ಕಟ್ಟೆಯ ಮೇಲೆ ಕೂತು, ಪಾಠ ತಪ್ಪಿ, ತಮಗೆ ಬುದ್ಧಿಯೇ ಇಲ್ಲ ಎಂದು ನಂಬಿ ಎದ್ದು ಹೋದರಲ್ಲ, ಆ ಹುಡುಗಿಯರು ಎಲ್ಲಿದ್ದಾರೆ? ಅವರಲ್ಲಿ ಎಂಥೆಂಥ ವಿಜ್ಞಾನಿ ಇದ್ದಳೋ ಯಾರು ಬಲ್ಲರು?

ಈಗ ನಿಮ್ಮ ಕಡೆ ತಿರುಗುತ್ತೇನೆ. ಸೂತಕ ಎಂಬುದಿಲ್ಲ ಎಂದು ಶರಣರು ಹೇಳಿ ಎಷ್ಟೋ ನೂರು ವರ್ಷಗಳಾದವು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾವೇ ಮನೆಯಲ್ಲಿ ಮಗಳಿಗೆ ದೂರ ಕೂರು ಅನ್ನುತ್ತೇವೆ. ತಾಯಂದಿರೇ, ಬೇಸರ ಮಾಡಿಕೊಳ್ಳಬೇಡಿ, ಮೊದಲು ಅನ್ನುವವರು ನೀವೇ. ನಿಮಗೂ ಯಾರೋ ಅಂದಿದ್ದರು, ನಿಮಗೂ ನೋವಾಗಿತ್ತು. ಆ ನೋವನ್ನು ಮಗಳ ಕೈಗೆ ದಾಟಿಸಬೇಡಿ. ಹೊಟ್ಟೆ ನೋವು ಅಂದರೆ ಬಿಸಿ ಬಿಸಿ ಕಷಾಯ ಮಾಡಿ ಕೊಡಿ, ತಲೆ ಬಾಚಿ ಶಾಲೆಗೆ ಕಳಿಸಿ. ಪರೀಕ್ಷೆ ಇರಲಿ, ಪ್ರಯೋಗಾಲಯ ಇರಲಿ, ಕಂಪ್ಯೂಟರ್ ಕೋಣೆ ಇರಲಿ, ಒಂದು ದಿನವೂ ತಪ್ಪಿಸಬೇಡಿ.

ಅಪ್ಪಂದಿರೇ, ನಾಚಿಕೆ ಬಿಡಿ. ಮಗಳು ಯಾಕೆ ಹಿಂದೆ ಬಿದ್ದಳು ಎಂದು ಮೇಷ್ಟ್ರನ್ನು ಕೇಳುವ ಮೊದಲು ಮಗಳನ್ನು ಕೇಳಿ. ಮಗನಿಗೆ ಮೊಬೈಲು, ಲ್ಯಾಪ್‌ಟಾಪು ತಂದು, ಮಗಳಿಗೆ ಅದರ ಧೂಳು ಒರೆಸುವ ಕೆಲಸ ಕೊಡಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ಅದನ್ನು ಅವಳ ಮುಂದೆ ಇಡಿ. ಪಾತ್ರೆ ಒಂದು ದಿನ ಮಗ ತೊಳೆಯಲಿ, ಕೈ ಸವೆಯುವುದಿಲ್ಲ. ಊರ ಹಿರಿಯರೇ, ಶಾಲೆಗೆ ದಾನ ಕೊಡಿ, ಆದರೆ ಕೊಟ್ಟ ಮೇಲೆ ಒಂದು ಸಲ ಹೋಗಿ ಹೊರಗಿನ ಕಟ್ಟೆ ನೋಡಿ. ಅಲ್ಲಿ ಯಾರು ಕೂತಿದ್ದಾರೆ ನೋಡಿ. ಕೇರಿಯ ಕೂಸು ಹೊಸ್ತಿಲಲ್ಲಿ ನಿಂತಿದ್ದರೆ ಅದು ವಿನಯ ಎಂದು ಖುಷಿಪಡಬೇಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಮೊದಲ ಸಾಲಿನ ಕಂಪ್ಯೂಟರಿಗೆ ಕೂರಿಸಿ.

ಇಷ್ಟು ಹೇಳಿ ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ಕಥೆ ಶುರುಮಾಡಿದಾಗಿನಿಂದ ನನಗೆ ಇಲ್ಲಿಂದ ಒಂದು ದೃಶ್ಯ ಕಾಣುತ್ತಿದೆ. ನೀವೆಲ್ಲ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೀರಿ, ನಿಮಗೆ ಕಾಣುವುದಿಲ್ಲ. ಮಂಟಪದ ಬಾಗಿಲಾಚೆ, ಕಂಬದ ಮರೆಯಲ್ಲಿ, ಕೆಲವು ಹೆಣ್ಣುಮಕ್ಕಳು ನಿಂತೇ ಕೇಳುತ್ತಿದ್ದಾರೆ. ಒಳಗೆ ಇಷ್ಟು ಜಾಗ ಇದೆ.

ಯಾಕೆ ಹೊರಗೆ ನಿಂತಿರಿ ಎಂದು ನಾನು ಕೇಳುವುದಿಲ್ಲ ತಾಯಿ. ಬನ್ನಿ, ಒಳಗೆ ಬನ್ನಿ. ಏಳಿರಪ್ಪ ಮುಂದಿನವರು, ಸ್ವಲ್ಪ ಸರಿದು ಕೂರಿ. ಆ ಮಕ್ಕಳು ಬಂದು ಕೂರುವವರೆಗೆ ಮಂಗಳಾರತಿ ಆಗುವುದಿಲ್ಲ.